ಮುಚ್ಚಿದ ಸಾಕೆಟ್ ಸಾಯುವುದು ಯಾವಾಗ?

ಫೋನಿನಲ್ಲಿ ಒಂದು ಜಾಲತಾಣ ತೆರೆದಾಗ, ಬ್ಯಾಂಕಿನ ಆ್ಯಪ್ ಮೂಲಕ ಹಣ ಕಳಿಸಿದಾಗ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್ ಆ ಸಂಪರ್ಕಕ್ಕೆಂದೇ ಮೆಮೊರಿಯಲ್ಲಿ ಒಂದು ದಾಖಲೆ ತೆರೆಯುತ್ತದೆ. ಅದಕ್ಕೆ ಸಾಕೆಟ್ ಎಂದು ಹೆಸರು. ಯಾವ ಯಂತ್ರದ ಜೊತೆ ಮಾತು ನಡೆದಿದೆ, ಎಷ್ಟು ಬೈಟ್ ಹೋಗಿದೆ, ಅದರಲ್ಲಿ ಎಷ್ಟು ತಲುಪಿತೆಂದು ಉತ್ತರ ಬಂದಿದೆ, ಉತ್ತರ ಬಾರದಿದ್ದರೆ ಎಷ್ಟು ಹೊತ್ತಿಗೆ ಮತ್ತೆ ಕಳಿಸಬೇಕು ಎಂಬ ವಿವರಗಳೆಲ್ಲ ಅದರೊಳಗೆ ಇರುತ್ತವೆ. ಕೆಲಸ ಮುಗಿದ ಮೇಲೆ ಆ್ಯಪ್ ‘ಕ್ಲೋಸ್’ ಎಂದು ಕರೆ ಕೊಡುತ್ತದೆ. ಆ್ಯಪ್‌ನ ಲೆಕ್ಕದಲ್ಲಿ ಸಾಕೆಟ್ ಅಲ್ಲಿಗೆ ಮುಗಿಯಿತು. ಕರ್ನೆಲ್‌ನ ಲೆಕ್ಕದಲ್ಲಿ ಮುಗಿದಿರುವುದಿಲ್ಲ. ಕೊನೆಯ ಕೆಲವು ಬೈಟುಗಳು ಇನ್ನೂ ಹೊರಡದೆ ಸಾಲಿನಲ್ಲಿ ನಿಂತಿರಬಹುದು. ಆಚೆ ಬದಿಯಿಂದ ಬರಬೇಕಾದ ವಿದಾಯದ ಪ್ಯಾಕೆಟ್ ದಾರಿಯಲ್ಲಿರಬಹುದು. ಮೊದಲು ಮುಚ್ಚಿದ ಬದಿಯವರು ತಡವಾಗಿ ಬರುವ ಪ್ಯಾಕೆಟ್‌ಗಳಿಗಾಗಿ ಇನ್ನಷ್ಟು ಹೊತ್ತು ಸಂಪರ್ಕದ ನೆನಪು ಇಟ್ಟುಕೊಂಡಿರಬೇಕೆಂಬುದು ಟಿಸಿಪಿ ಎಂಬ ಸಂಪರ್ಕ ಪ್ರೋಟೋಕಾಲ್‌ನ ನಿಯಮ; ಲಿನಕ್ಸ್‌ನಲ್ಲಿ ಆ ಅವಧಿ 60 ಸೆಕೆಂಡು. ಹೀಗಾಗಿ ಆ್ಯಪ್ ಕಾಣುವ ಆಯುಸ್ಸೊಂದು, ನೆಟ್‌ವರ್ಕ್ ಕಾಣುವ ಆಯುಸ್ಸು ಇನ್ನೊಂದು. ಲಿನಕ್ಸ್‌ನ ಕೋಡ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ರಚನೆಗಳೇ ಇವೆ: ಫೈಲಿನಂತೆ ಆ್ಯಪ್‌ನ ಕೈಗೆ ಸಿಗುವ ‘ಸಾಕೆಟ್’, ಅದರ ಹಿಂದೆ ನಿಂತು ಪ್ಯಾಕೆಟ್‌ಗಳ ವ್ಯವಹಾರ ನೋಡುವ ‘ಸಾಕ್’. ಒಂದು ಹೋದ ಮೇಲೂ ಇನ್ನೊಂದು ಉಳಿಯಬಹುದು. ಕಳೆದ ಎರಡು ದಶಕಗಳಲ್ಲಿ ಲಿನಕ್ಸ್ ನೆಟ್‌ವರ್ಕ್ ಕೋಡ್‌ನಲ್ಲಿ ಸಿಕ್ಕ ಅತ್ಯಂತ ಅಪಾಯಕಾರಿ ಬಗ್‌ಗಳಲ್ಲಿ ಹಲವು ಹುಟ್ಟಿದ್ದು, ಯಾವುದು ಯಾವಾಗ ಸಾಯುತ್ತದೆ ಎಂಬ ಗೊಂದಲದಲ್ಲೇ.

ಇಲ್ಲಿ ಎರಡು ಪ್ರಶ್ನೆಗಳಿವೆ, ಅವನ್ನು ಬೇರ್ಪಡಿಸಿ ನೋಡಬೇಕು. ಈ ಕ್ಷಣದಲ್ಲಿ ಸಾಕೆಟ್ ಅನ್ನು ಮುಟ್ಟುವ ಹಕ್ಕು ಯಾರಿಗೆ ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಲಾಕ್. ಸಾಕೆಟ್ ಎಂಬುದು ಮೆಮೊರಿಯಲ್ಲಿ ಇನ್ನೂ ಇದೆಯೇ, ಇಲ್ಲವಾಗಿಸುವ ಕೊನೆಯ ತೀರ್ಮಾನ ಯಾರದು ಎಂಬುದು ಎರಡನೆಯದು. ಇದಕ್ಕೆ ಉತ್ತರ ಬಳಕೆದಾರರ ಎಣಿಕೆ. ಯಾರಾದರೂ ಸಾಕೆಟ್ಟಿನ ವಿಳಾಸ ಹಿಡಿದುಕೊಂಡರೆ ಎಣಿಕೆ ಒಂದು ಏರುತ್ತದೆ, ಬಿಟ್ಟರೆ ಒಂದು ಇಳಿಯುತ್ತದೆ, ಸೊನ್ನೆಗೆ ಬಂದಾಗ ಮೆಮೊರಿ ಬಿಡುಗಡೆ. ಮನೆಯ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಕೂತವರಿಗೆ ಬೇರೆಯವರು ನುಗ್ಗಲಾರರೆಂಬ ಭರವಸೆ ಇರಬಹುದು. ಮನೆಯನ್ನೇ ಕೆಡವಲು ಬಂದವರನ್ನು ಆ ಬೀಗ ತಡೆಯದು, ಏಕೆಂದರೆ ಬೀಗ ಇರುವುದೇ ಆ ಮನೆಯ ಬಾಗಿಲಲ್ಲಿ. ಸಾಕೆಟ್ಟಿನ ಲಾಕ್ ಕೂಡ ಸಾಕೆಟ್ಟಿನ ಮೆಮೊರಿಯ ಒಳಗೇ ಇದೆ. ಲಾಕ್ ಹಿಡಿಯಬೇಕಾದರೆ ಮೊದಲು ಸಾಕೆಟ್ ಬದುಕಿರುವುದು ಖಾತ್ರಿಯಾಗಿರಬೇಕು. ಆ ಖಾತ್ರಿಯನ್ನು ಲಾಕ್ ತಾನೇ ಕೊಡಲಾರದು. ಇಂಥ ಬಗ್ ಸಿಕ್ಕಾಗ ಒಂದು ಲಾಕ್ ಸೇರಿಸಿ ಮುಂದೆ ಹೋಗುವುದು ಅರ್ಧ ದುರಸ್ತಿ ಎಂದು ನಾನು ವಾದಿಸುತ್ತೇನೆ. ವಸ್ತುವಿನ ಕೊನೆಯ ಒಡೆಯ ಯಾರು ಎಂಬುದನ್ನು ನಿರ್ಧರಿಸಿ, ಆ ನಿರ್ಧಾರವನ್ನು ಹತ್ತು ಕಡೆ ಹರಡದೆ ಒಂದೇ ಜಾಗದಲ್ಲಿ ಬರೆದಿಟ್ಟಾಗ ಮಾತ್ರ ದುರಸ್ತಿ ಪೂರ್ಣ. ನಿಜವಾದ ಕೆಲವು ಬಗ್‌ಗಳ ಚರಿತ್ರೆ ಇದನ್ನು ತೋರಿಸುತ್ತದೆ.

ಮೊದಲು ಸಾಕೆಟ್ ಲಾಕ್ ಕೆಲಸ ಮಾಡುವ ಬಗೆಯನ್ನು ತುಸು ನೋಡಬೇಕು, ಏಕೆಂದರೆ ಅದು ಸಾಮಾನ್ಯ ಲಾಕ್ ಅಲ್ಲ. ಸಾಕೆಟ್ ಅನ್ನು ಮುಟ್ಟುವವರಲ್ಲಿ ಎರಡು ಬಗೆಯವರಿದ್ದಾರೆ. ಆ್ಯಪ್‌ನ ಪರವಾಗಿ ಬರುವ ಕೋಡ್ ಬೇಕಾದರೆ ನಿದ್ದೆ ಹೋಗಬಹುದು. ಮೆಮೊರಿ ಸಿಗುವವರೆಗೆ, ದತ್ತಾಂಶ ಬರುವವರೆಗೆ ಕಾಯಬಹುದು. ಆದರೆ ನೆಟ್‌ವರ್ಕ್ ಕಾರ್ಡಿಗೆ ಪ್ಯಾಕೆಟ್ ಬಂದಾಗ ಓಡುವ ಕೋಡ್ ಹಾಗಲ್ಲ. ಅದು ಪ್ರೊಸೆಸರ್ ಮಾಡುತ್ತಿದ್ದ ಬೇರಾವುದೋ ಕೆಲಸದ ನಡುವೆ ತೂರಿ ಬಂದಿರುತ್ತದೆ, ನಿದ್ದೆ ಹೋಗುವ ಅಧಿಕಾರ ಅದಕ್ಕಿಲ್ಲ. ಟೈಮರ್‌ಗಳ ಪಾಡೂ ಇದೇ. ಈ ಇಬ್ಬರನ್ನೂ ಒಂದೇ ಲಾಕ್‌ನ ಅಡಿಯಲ್ಲಿ ತರಲು ಲಿನಕ್ಸ್ ಒಂದು ಉಪಾಯ ಮಾಡಿದೆ. ಆ್ಯಪ್ ಕಡೆಯ ಕೋಡ್ ಸಾಕೆಟ್ ಹಿಡಿಯುವಾಗ ಒಂದು ಚಿಕ್ಕ ಲಾಕ್ ಅನ್ನು ಕ್ಷಣಮಾತ್ರ ಹಿಡಿದು ‘ಇದಕ್ಕೆ ಈಗ ಒಡೆಯರಿದ್ದಾರೆ’ ಎಂದು ಗುರುತು ಹಾಕಿ, ಆ ಚಿಕ್ಕ ಲಾಕ್ ಅನ್ನು ಬಿಟ್ಟುಬಿಡುತ್ತದೆ. ಆ ಹೊತ್ತಿಗೆ ಪ್ಯಾಕೆಟ್ ಬಂದರೆ, ಅದನ್ನು ತಂದ ಕೋಡ್ ಗುರುತು ನೋಡಿ, ಕಾಯದೆ, ಪ್ಯಾಕೆಟ್ ಅನ್ನು ಬ್ಯಾಕ್‌ಲಾಗ್ ಎಂಬ ಸಾಲಿಗೆ ಹಾಕಿ ಹೊರಟುಹೋಗುತ್ತದೆ. ಒಡೆಯ ಕೆಲಸ ಮುಗಿಸಿ ಸಾಕೆಟ್ ಬಿಡುವಾಗ ಆ ಸಾಲಿನಲ್ಲಿರುವುದನ್ನೆಲ್ಲ ತಾನೇ ತೀರಿಸಬೇಕು. ಇದು ಬಹಳ ಸೊಗಸಾದ ಏರ್ಪಾಡು ಎಂದೇ ನನ್ನ ಭಾವನೆ. ಆದರೆ ಇದರ ಷರತ್ತು ಕಠಿಣ: ಸಾಕೆಟ್ಟಿನ ಸ್ಥಿತಿಯನ್ನು ನೋಡುವ, ಬದಲಿಸುವ ಪ್ರತಿಯೊಂದು ದಾರಿಯೂ ಈ ಶಿಸ್ತಿಗೆ ಒಳಪಡಬೇಕು. ಒಂದೇ ಒಂದು ದಾರಿ ತಪ್ಪಿದರೂ ಇಡೀ ಏರ್ಪಾಡು ಅರ್ಥ ಕಳೆದುಕೊಳ್ಳುತ್ತದೆ.

2016ರ ಡಿಸೆಂಬರಿನಲ್ಲಿ ಬಹಿರಂಗವಾದ ಎಎಫ್-ಪ್ಯಾಕೆಟ್ ಬಗ್ ಅಂಥ ಒಂದು ದಾರಿ. ಎಎಫ್-ಪ್ಯಾಕೆಟ್ ಎಂಬುದು ನೆಟ್‌ವರ್ಕ್ ಕಾರ್ಡಿನ ಪ್ಯಾಕೆಟ್‌ಗಳನ್ನು ನೇರವಾಗಿ ನೋಡಬಯಸುವ ಪ್ರೋಗ್ರಾಂಗಳಿಗಾಗಿ ಇರುವ ಸಾಕೆಟ್ ಕುಟುಂಬ. ಅದರಲ್ಲಿ ಪ್ಯಾಕೆಟ್‌ಗಳನ್ನು ತುಂಬಿಡಲು ಒಂದು ಬಳೆಯಾಕಾರದ ಬಫರ್ ಉಂಟು, ಆ ಬಫರಿನ ಸ್ವರೂಪಕ್ಕೆ ಮೂರು ಆವೃತ್ತಿಗಳುಂಟು. 2011ರ ಆಗಸ್ಟ್‌ನಲ್ಲಿ ಸೇರಿದ ಮೂರನೇ ಆವೃತ್ತಿ ತನ್ನ ಜೊತೆಗೆ ಒಂದು ಟೈಮರ್ ಅನ್ನೂ ಚಾಲೂ ಮಾಡುತ್ತದೆ. ಬಫರ್ ಇರುವಾಗ ಆವೃತ್ತಿ ಬದಲಿಸಕೂಡದು ಎಂಬ ತಪಾಸಣೆ ಕೋಡ್‌ನಲ್ಲಿತ್ತು. ಆದರೆ ತಪಾಸಣೆಗೂ ಬದಲಾವಣೆಗೂ ನಡುವಿನ ಸಣ್ಣ ಕಿಂಡಿಗೆ ಲಾಕ್ ಇರಲಿಲ್ಲ. ಪ್ರೊಸೆಸರಿನ ಒಂದು ಕೋರ್ ಮೂರನೇ ಆವೃತ್ತಿಯ ಬಫರ್ ಕಟ್ಟುತ್ತಿರುವಾಗಲೇ ಇನ್ನೊಂದು ಕೋರ್ ಆವೃತ್ತಿಯನ್ನು ಒಂದಕ್ಕೆ ಇಳಿಸಿಬಿಡಬಹುದಿತ್ತು. ಆಮೇಲೆ ಸಾಕೆಟ್ ಮುಚ್ಚುವ ಕೋಡ್ ಬಂದು ನೋಡಿದರೆ ಅದರ ಕಣ್ಣಿಗೆ ಒಂದನೇ ಆವೃತ್ತಿ, ಅಂದರೆ ನಿಲ್ಲಿಸಬೇಕಾದ ಟೈಮರ್ ಇಲ್ಲ. ಮೆಮೊರಿ ಬಿಡುಗಡೆಯಾಯಿತು, ಟೈಮರ್ ಓಡುತ್ತಲೇ ಉಳಿಯಿತು. ಬಿಡುಗಡೆಯಾದ ಮೆಮೊರಿಯನ್ನು ಕರ್ನೆಲ್ ಬೇರೆ ಕೆಲಸಕ್ಕೆ ಕೊಡುತ್ತದೆ. ಅಲ್ಲಿ ಏನು ತುಂಬಬೇಕೆಂದು ದಾಳಿಕೋರ ಉಪಾಯವಾಗಿ ನಿರ್ಧರಿಸಿದರೆ, ಟೈಮರ್ ಸಮಯಕ್ಕೆ ಸರಿಯಾಗಿ ಅವನು ಬರೆದಿಟ್ಟ ವಿಳಾಸಕ್ಕೆ ಜಿಗಿಯುತ್ತದೆ. ಸಾಮಾನ್ಯ ಬಳಕೆದಾರ ಯಂತ್ರದ ಸರ್ವಾಧಿಕಾರಿ ಆಗುವುದು ಹೀಗೆ. ಈ ಬಗ್‌ಗೆ ಔಷಧ ನಿಜಕ್ಕೂ ಲಾಕ್ ಆಗಿತ್ತು. ಎರಡೂ ಕಡೆ ಸಾಕೆಟ್ ಲಾಕ್ ಹಿಡಿಯುವಂತೆ ಮಾಡಿದ ಚಿಕ್ಕ ಪ್ಯಾಚ್ ಅದನ್ನು ಮುಚ್ಚಿತು. ಆದರೂ ಗಮನಿಸಬೇಕಾದ ಸಂಗತಿಯೊಂದಿದೆ: ಟೈಮರ್‌ನ ಆಯುಸ್ಸನ್ನು ಟೈಮರ್ ಇದೆಯೇ ಎಂದು ಕೇಳಿ ತೀರ್ಮಾನಿಸದೆ, ಬೇರೊಬ್ಬರು ಬದಲಿಸಬಹುದಾದ ಒಂದು ಅಂಕಿಯನ್ನು ನೋಡಿ ಊಹಿಸಿದ್ದೇ ಅನಾಹುತದ ಬೇರು.

ಲಾಕ್ ಇದ್ದೂ ಕಾಪಾಡದ ಉದಾಹರಣೆ 2021ರ ಆರಂಭದ್ದು. ವರ್ಚುವಲ್ ಯಂತ್ರ ಮತ್ತು ಅದಕ್ಕೆ ಆಶ್ರಯ ಕೊಟ್ಟ ಯಂತ್ರದ ನಡುವೆ ಮಾತಿಗೆ ಬಳಕೆಯಾಗುವ ಎಎಫ್-ವಿಸಾಕ್ ಕುಟುಂಬದಲ್ಲಿ, 2019ರ ನವೆಂಬರ್‌ನಲ್ಲಿ ಒಂದು ಸೌಲಭ್ಯ ಸೇರಿತು: ಒಂದೇ ಸಾಕೆಟ್ ಸಂದರ್ಭಕ್ಕೆ ತಕ್ಕಂತೆ ತನ್ನ ಸಾಗಣೆ ವಿಧಾನವನ್ನು ಬದಲಿಸಿಕೊಳ್ಳಬಹುದು. ಅದುವರೆಗೆ ಸಾಕೆಟ್ಟಿನ ಬಾಳಿನುದ್ದಕ್ಕೂ ಬದಲಾಗದಿದ್ದ ಒಂದು ಸಂಗತಿ ಆ ದಿನದಿಂದ ಬದಲಾಗಬಲ್ಲದ್ದಾಯಿತು. ಆದರೆ ಹಲವು ಫಂಕ್ಷನ್‌ಗಳು ಸಾಗಣೆ ವಿಧಾನದ ವಿಳಾಸವನ್ನು ತಮ್ಮ ಮೊದಲ ಸಾಲುಗಳಲ್ಲೇ ನಕಲು ಮಾಡಿಕೊಂಡು, ಆಮೇಲೆ ಲಾಕ್ ಹಿಡಿಯುತ್ತಿದ್ದವು. ಲಾಕ್‌ಗಾಗಿ ಕಾಯುತ್ತಿರುವ ಹೊತ್ತಿಗೆ ಇನ್ನೊಂದು ಕೋರ್ ವಿಧಾನವನ್ನು ಬದಲಿಸಿ ಹಳೆಯದಕ್ಕೆ ಸೇರಿದ ಮೆಮೊರಿಯನ್ನು ಬಿಡುಗಡೆ ಮಾಡಿದರೆ, ಲಾಕ್ ಸಿಕ್ಕ ಮೇಲೆ ಇವರ ಕೈಯಲ್ಲಿ ಉಳಿಯುವುದು ಹಳಸಿದ ವಿಳಾಸ. ಇದನ್ನು ಪತ್ತೆ ಮಾಡಿ ಸರಿಪಡಿಸಿದ ರಷ್ಯಾದ ಭದ್ರತಾ ಸಂಶೋಧಕ ಅಲೆಕ್ಸಾಂಡರ್ ಪೊಪೊವ್, ಬಿಡುಗಡೆಯಾದ 64 ಬೈಟಿನ ಒಂದು ವಸ್ತುವಿನ ಮೇಲೆ ಬರೆಯಲು ಸಿಗುವ ಬರೀ 4 ಬೈಟುಗಳಿಂದ ಹೊರಟು ಫೆಡೋರಾ 33 ಸರ್ವರ್‌ನ ಪೂರ್ಣ ಅಧಿಕಾರ ಪಡೆಯಬಹುದೆಂದು ಮಾಡಿ ತೋರಿಸಿದರು. ದುರಸ್ತಿ ಮಾತ್ರ ಓದಿದವರಿಗೆ ಇಷ್ಟೇ ಏನು ಅನ್ನಿಸುವಷ್ಟು ಸರಳ: ನಕಲು ಮಾಡುವ ಸಾಲನ್ನು ಲಾಕ್‌ನ ಮೇಲಿನಿಂದ ಕೆಳಕ್ಕೆ ಇಳಿಸುವುದು. ಸೌಲಭ್ಯ ಸೇರಿಸಿದವರು ಅಜಾಗರೂಕರಾಗಿದ್ದರು ಎಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಆ ನಕಲಿನ ಸಾಲು ಬರೆದ ದಿನ ಸರಿಯಾಗಿಯೇ ಇತ್ತು. ಅದನ್ನು ಸರಿಯಾಗಿಸಿದ್ದ ‘ಇದು ಬದಲಾಗುವುದಿಲ್ಲ’ ಎಂಬ ನಂಬಿಕೆ ಎಲ್ಲೂ ಬರೆದಿರಲಿಲ್ಲ. ಹಾಗಾಗಿ ನಂಬಿಕೆ ಮುರಿದ ದಿನ ಯಾರಿಗೂ ಎಚ್ಚರಿಕೆ ಸಿಗಲಿಲ್ಲ.

ಎಣಿಕೆಯ ಕಡೆಗೆ ಬಂದರೆ 2017ರ ಫೆಬ್ರವರಿಯ ಡಿಸಿಸಿಪಿ ಪ್ರಕರಣ ಎದುರಾಗುತ್ತದೆ. ಡಿಸಿಸಿಪಿ ಎಂಬುದು ಧ್ವನಿ, ದೃಶ್ಯಗಳ ಸಾಗಣೆಗೆಂದು ರೂಪಿಸಿದ, ಹೆಚ್ಚು ಬಳಕೆಗೆ ಬಾರದ ಒಂದು ಪ್ರೋಟೋಕಾಲ್. ಸಂಪರ್ಕ ಕೋರುವ ಪ್ಯಾಕೆಟ್ ಬಂದಾಗ, ಅದರ ಕೆಲಸ ಮುಗಿದ ಮೇಲೆ ಕರ್ನೆಲ್ ಆ ಪ್ಯಾಕೆಟ್ಟಿನ ಮೆಮೊರಿಯನ್ನು ಬಿಡುಗಡೆ ಮಾಡುತ್ತಿತ್ತು. ಆದರೆ ಐಪಿವಿ6ರಲ್ಲಿ ಆ್ಯಪ್ ‘ಪ್ಯಾಕೆಟ್‌ನ ವಿವರ ನನಗೂ ಬೇಕು’ ಎಂದು ಮೊದಲೇ ಕೇಳಿದ್ದರೆ, ಪ್ಯಾಕೆಟ್ಟಿನ ವಿಳಾಸವನ್ನು ಒಂದು ಕಡೆ ಬರೆದಿಟ್ಟುಕೊಂಡು ಅದರ ಎಣಿಕೆಯನ್ನು ಒಂದು ಏರಿಸಲಾಗುತ್ತಿತ್ತು. ಇಲ್ಲಿಯವರೆಗೆ ಎಲ್ಲ ಸರಿ. ಬಿಡುಗಡೆ ಮಾಡುವ ಸಾಲು ಮಾತ್ರ ಎಣಿಕೆಯನ್ನು ನೋಡುತ್ತಲೇ ಇರಲಿಲ್ಲ. ಎಣಿಕೆ ಎಷ್ಟಿದ್ದರೂ ಬಲವಂತವಾಗಿ ಬಿಡುಗಡೆ ಮಾಡುವ ಫಂಕ್ಷನ್ ಅನ್ನು ಅದು ಕರೆಯುತ್ತಿತ್ತು. ಆಮೇಲೆ ವಿಳಾಸ ಇಟ್ಟುಕೊಂಡವರು ತಮ್ಮ ಸರದಿ ಬಂದಾಗ ಅದೇ ಪ್ಯಾಕೆಟ್ ಅನ್ನು ಇನ್ನೊಮ್ಮೆ ಬಿಡುಗಡೆ ಮಾಡುತ್ತಿದ್ದರು. ಡಿಸಿಸಿಪಿ ಲಿನಕ್ಸ್‌ಗೆ ಬಂದದ್ದು 2005ರಲ್ಲಿ. ಅಂದರೆ ಒಂದು ದಶಕಕ್ಕೂ ಹೆಚ್ಚು ಕಾಲ ಈ ತಪ್ಪು ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಭದ್ರತಾ ಸಂಶೋಧಕ ಆಂಡ್ರೇ ಕೊನೊವಾಲೊವ್ ಇದನ್ನು ಹಿಡಿದದ್ದು ಸಿಜ್‌ಕಾಲರ್ ಎಂಬ ಸ್ವಯಂಚಾಲಿತ ಪರೀಕ್ಷಾ ಸಾಧನದಿಂದ. ಪರಿಹಾರ ಮುಖ್ಯವಾಗಿ ಒಂದು ಫಂಕ್ಷನ್ನಿನ ಬದಲು ಎಣಿಕೆಯನ್ನು ಗೌರವಿಸುವ ಇನ್ನೊಂದನ್ನು ಕರೆಯುವುದು. ಇಲ್ಲಿ ಲಾಕ್‌ನ ಪ್ರಶ್ನೆಯೇ ಇಲ್ಲ. ಎಷ್ಟು ಲಾಕ್ ಹಾಕಿದ್ದರೂ ಈ ಬಗ್ ಹೋಗುತ್ತಿರಲಿಲ್ಲ. ‘ಈಗ ಇದರ ಒಡೆಯ ನಾನೊಬ್ಬನೇ’ ಎಂದು ಒಂದು ಸಾಲು ಭಾವಿಸಿತ್ತು, ಅದು ನಿಜವಾಗಿರಲಿಲ್ಲ, ಅಷ್ಟೇ.

ನನ್ನ ವಾದಕ್ಕೆ ಅತ್ಯಂತ ಗಟ್ಟಿ ಪುರಾವೆ ಸಿಗುವುದು ಇವಕ್ಕಿಂತ ಕಡಿಮೆ ಪ್ರಸಿದ್ಧವಾದ ಒಂದು ಸರಣಿಯಲ್ಲಿ. ಸಾಕೆಟ್ ಆ್ಯಪ್‌ಗೆ ಫೈಲಿನಂತೆ ಕಾಣುವುದರಿಂದ ಫೈಲಿನ ಮಾಲೀಕರ ಹೆಸರು ಬದಲಿಸುವ ಕರೆಯನ್ನು ಸಾಕೆಟ್ಟಿನ ಮೇಲೂ ಮಾಡಬಹುದು. ಆ ಬದಲಾವಣೆ ಒಳಗಿನ ‘ಸಾಕ್’ಗೂ ತಲುಪುವಂತೆ ಕರ್ನೆಲ್‌ನಲ್ಲಿ ಒಂದು ಏರ್ಪಾಡು ಬಂತು. ಒಂದು ಕೋರ್ ಮಾಲೀಕರ ಹೆಸರು ಬದಲಿಸುತ್ತಿರುವಾಗಲೇ ಇನ್ನೊಂದು ಕೋರ್ ಸಾಕೆಟ್ ಮುಚ್ಚಿದರೆ ಏನಾದೀತು? 2018ರಲ್ಲಿ ಇದಕ್ಕೊಂದು ದುರಸ್ತಿ ಬಂತು. ಮುಚ್ಚುವಾಗಲೂ ಬದಲಿಸುವಾಗಲೂ ಒಂದೇ ಲಾಕ್ ಹಿಡಿಯಬೇಕು, ಲಾಕ್ ಸಿಕ್ಕ ಮೇಲೆ ‘ಸಾಕ್’ನ ವಿಳಾಸ ಖಾಲಿಯಾಗಿದೆಯೇ ಎಂದು ನೋಡಬೇಕು, ಖಾಲಿಯಾಗಿದ್ದರೆ ಮುಟ್ಟಬಾರದು. ತರ್ಕ ನೇರವಾಗಿದೆ, ಲಾಕ್ ಸರಿಯಾದ ಜಾಗದಲ್ಲಿದೆ. ಆದರೆ ಇದು ಒಂದು ಹೇಳದ ಕರಾರಿನ ಮೇಲೆ ನಿಂತಿತ್ತು: ಪ್ರತಿ ಸಾಕೆಟ್ ಕುಟುಂಬವೂ ತನ್ನ ‘ಸಾಕ್’ ಅನ್ನು ಬಿಟ್ಟ ಮೇಲೆ ಆ ವಿಳಾಸವನ್ನು ಖಾಲಿ ಮಾಡುತ್ತದೆ ಎಂಬುದು. 2019ರ ಆರಂಭದಲ್ಲಿ, ಗೂಢಲಿಪಿ ಲೆಕ್ಕಗಳಿಗೆ ಬಳಸುವ ಎಎಫ್-ಆಲ್ಗ್ ಕುಟುಂಬ ಹಾಗೆ ಮಾಡುತ್ತಿಲ್ಲವೆಂದು ಗೊತ್ತಾಯಿತು. ಅಲ್ಲೊಂದು ಸಾಲು ಸೇರಿಸಿ ಖಾಲಿ ಮಾಡಲಾಯಿತು, ಬಗ್‌ಗೆ ಭದ್ರತಾ ಲೋಪಗಳನ್ನು ಗುರುತಿಸುವ ಸಿವಿಇ ಸಂಖ್ಯೆಯೂ ಸಿಕ್ಕಿತು, ಪ್ರಕರಣ ಮುಗಿದಂತೆ ಕಂಡಿತು. ಆದರೆ ಕರ್ನೆಲ್ ಅಭಿವೃದ್ಧಿಕಾರ ಎರಿಕ್ ಬಿಗರ್ಸ್ ಉಳಿದ ಕುಟುಂಬಗಳನ್ನು ತೆಗೆದು ನೋಡಿದರು. ಬ್ಲೂಟೂತ್‌ನ ಹಲವು ಬಗೆಗಳು, ಎಕ್ಸ್.25, ಡಿಇಸಿನೆಟ್ ಹೀಗೆ ಹದಿನೈದಕ್ಕೂ ಹೆಚ್ಚು ಕಡೆ ಇದೇ ಲೋಪ ಇತ್ತು. ಅವರು ಅಷ್ಟೂ ಕಡೆ ಒಂದೊಂದು ಸಾಲು ಸೇರಿಸಲಿಲ್ಲ. ಎಲ್ಲ ಕುಟುಂಬಗಳಿಗೂ ಸಮಾನವಾದ, ಸಾಕೆಟ್ ಮುಚ್ಚುವ ಮೇಲ್ಮಟ್ಟದ ಫಂಕ್ಷನ್‌ನಲ್ಲಿ, ಕುಟುಂಬದ ಸ್ವಂತ ಕೆಲಸ ಮುಗಿದ ಕೂಡಲೇ ವಿಳಾಸವನ್ನು ಖಾಲಿ ಮಾಡುವ ಒಂದೇ ಸಾಲು ಹಾಕಿದರು. ಪ್ರತಿಯೊಂದು ಕುಟುಂಬವೂ ಎಂದೆಂದಿಗೂ ಇದನ್ನು ಸರಿಯಾಗಿ ಮಾಡುತ್ತದೆಂದು ನಂಬಿ ಕೂರುವ ಬದಲು ಇದನ್ನು ಇಲ್ಲೇ ಮಾಡೋಣ ಎಂಬುದು ಆ ಪ್ಯಾಚ್‌ನ ವಿವರಣೆಯ ಸಾರ. ಮೂರು ದುರಸ್ತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಲಾಕ್ ಕೊಟ್ಟಿತು, ಎರಡನೆಯದು ಒಂದು ಲಕ್ಷಣ ಅಳಿಸಿತು, ಮೂರನೆಯದು ಒಡೆತನವನ್ನು ಸರಿಯಾದ ಕೈಗೆ ಒಪ್ಪಿಸಿತು. ಹೊಸ ಸಾಕೆಟ್ ಕುಟುಂಬವೊಂದನ್ನು ಮುಂದೆ ಬರೆಯುವವರು ಈ ನಿಯಮವನ್ನು ತಿಳಿದಿರಲೇಬೇಕಾದ ಅಗತ್ಯವನ್ನೂ ಅದು ತೆಗೆದುಹಾಕಿತು.

ಎಣಿಕೆಯೊಂದಿದ್ದರೆ ಆಯುಸ್ಸಿನ ಪ್ರಶ್ನೆ ಬಗೆಹರಿಯುತ್ತದೆಯೇ? ಅದೂ ಇಲ್ಲ. ಒಂದೇ ಯಂತ್ರದ ಪ್ರೋಗ್ರಾಂಗಳ ನಡುವೆ ಬಳಕೆಯಾಗುವ ಎಎಫ್-ಯುನಿಕ್ಸ್ ಸಾಕೆಟ್ ಮೂಲಕ ತೆರೆದ ಫೈಲುಗಳನ್ನೇ ಕಳಿಸಬಹುದು, ಇನ್ನೊಂದು ಸಾಕೆಟ್ ಅನ್ನೂ ಕಳಿಸಬಹುದು. ಮೊದಲ ಸಾಕೆಟ್ಟಿನ ಸಾಲಿನೊಳಗೆ ಎರಡನೆಯದು, ಎರಡನೆಯದರ ಸಾಲಿನೊಳಗೆ ಮೊದಲನೆಯದು ಕೂತು, ಆಮೇಲೆ ಪ್ರೋಗ್ರಾಂ ಎರಡನ್ನೂ ಮುಚ್ಚಿತೆನ್ನಿ. ಹೊರಗೆ ಯಾರ ಬಳಿಯೂ ಅವು ಇಲ್ಲ, ಆದರೆ ಒಂದನ್ನೊಂದು ಹಿಡಿದುಕೊಂಡಿರುವುದರಿಂದ ಎರಡರ ಎಣಿಕೆಯೂ ಸೊನ್ನೆಗೆ ಬರುವುದಿಲ್ಲ. ಇಂಥವನ್ನು ಹುಡುಕಿ ತೆಗೆಯಲು ಕರ್ನೆಲ್ ಒಂದು ಕಸ ಗುಡಿಸುವ ಕೋಡ್ ಇಟ್ಟುಕೊಂಡಿದೆ. ಒಂದು ಸಾಕೆಟ್ಟಿನ ಒಟ್ಟು ಎಣಿಕೆಯೂ, ಸಾಲುಗಳಲ್ಲಿ ಪಯಣದಲ್ಲಿರುವ ಅದರ ಪ್ರತಿಗಳ ಎಣಿಕೆಯೂ ಸಮವಾಗಿದ್ದರೆ ಹೊರಗೆ ಅದನ್ನು ಯಾರೂ ಹಿಡಿದಿಲ್ಲ ಎಂದು 2024ರವರೆಗೆ ಅದು ಅನುಮಾನಿಸುತ್ತಿತ್ತು, ನಂತರ ಉಳಿದ ಸರಪಳಿಯನ್ನು ಪರಿಶೀಲಿಸುತ್ತಿತ್ತು. ಆದರೆ ಸಂದೇಶವನ್ನು ಸಾಲಿನಿಂದ ತೆಗೆಯದೆ ಇಣುಕಿ ನೋಡುವ ಸೌಲಭ್ಯವೂ ಇದೆಯಲ್ಲ. ಇಣುಕಿದವರಿಗೆ ಅದರೊಳಗಿನ ಸಾಕೆಟ್ ಕೈಗೆ ಸಿಗುತ್ತದೆ, ಎಣಿಕೆ ಏರುತ್ತದೆ. ಕಸ ಗುಡಿಸುವ ಕೋಡ್ ಲೆಕ್ಕ ಹಾಕಿ ಮುಗಿಸಿದ ಮರುಕ್ಷಣದಲ್ಲಿ ಹೀಗೆ ಇಣುಕಿದರೆ, ಬದುಕಿರುವ ಸಾಕೆಟ್ಟಿನ ಸಾಲನ್ನೇ ಅದು ಕಸವೆಂದು ಎಸೆದುಬಿಡುತ್ತಿತ್ತು. ಸಿವಿಇ-2021-0920 ಎಂಬ ಈ ಬಗ್ ಆಂಡ್ರಾಯ್ಡ್ ಫೋನುಗಳ ಮೇಲೆ ನಡೆದ ನಿಜವಾದ ದಾಳಿಗಳಲ್ಲಿ ಬಳಕೆಯಾಗಿತ್ತು ಎಂಬುದನ್ನು ಗೂಗಲ್‌ನ ಸಂಶೋಧಕರು ದಾಖಲಿಸಿದ್ದಾರೆ. ಅದರ ದುರಸ್ತಿಯಲ್ಲಿ ಒಂದು ವಿಚಿತ್ರ ಕಾಣುತ್ತದೆ: ಇಣುಕುವ ಕೋಡ್ ಎಣಿಕೆ ಏರಿಸಿದ ಮೇಲೆ ಕಸ ಗುಡಿಸುವವರ ಲಾಕ್ ಹಿಡಿಯುತ್ತದೆ, ಮರುಸಾಲಿನಲ್ಲೇ ಬಿಡುತ್ತದೆ. ನಡುವೆ ಏನೂ ಇಲ್ಲ! ಆ ಲಾಕ್ ಯಾವ ದತ್ತಾಂಶವನ್ನೂ ಕಾಯುತ್ತಿಲ್ಲ. ಈಗಾಗಲೇ ಲೆಕ್ಕಕ್ಕೆ ಕೂತವರು ಲೆಕ್ಕ ಮುಗಿಸುವವರೆಗೆ ಕಾಯುವುದಷ್ಟೇ ಅದರ ಉದ್ದೇಶ. ಇನ್ನು ಮುಂದೆ ಲೆಕ್ಕಕ್ಕೆ ಕೂರುವವರಿಗೆ ಏರಿದ ಎಣಿಕೆ ಹೇಗೂ ಕಾಣುತ್ತದೆ. ಎರಡು ಸಾಲಿನ ಈ ಕೋಡ್‌ನ ಮೇಲೆ ಅದಕ್ಕಿಂತ ಎಷ್ಟೋ ಪಟ್ಟು ಉದ್ದದ ವಿವರಣೆ ಬರೆದಿಟ್ಟಿದ್ದಾರೆ, ಬರೆಯಲೇಬೇಕಿತ್ತು.

ಇದೇ ಬಗ್ 2016ರಲ್ಲೇ ಅಭಿವೃದ್ಧಿಕಾರರ ನಡುವೆ ಬಹಿರಂಗ ಚರ್ಚೆಗೆ ಬಂದಿತ್ತು, ಒಂದು ಕರಡು ಪ್ಯಾಚ್ ಕೂಡ ಇತ್ತು. ಸಾಕಷ್ಟು ವಿವರಣೆಯಿಲ್ಲ, ಇತರರ ಒಪ್ಪಿಗೆಯಿಲ್ಲ ಎಂಬ ಕಾರಣಕ್ಕೆ ಅದು ಸೇರಲಿಲ್ಲ; ಐದು ವರ್ಷ ಹಾಗೇ ಉಳಿಯಿತು. ಆ ಐದು ವರ್ಷಗಳಲ್ಲಿ ದಾಳಿಗೆ ಒಳಗಾದವರನ್ನು ನೆನೆದರೆ ಇದು ಸಣ್ಣ ಲೋಪವಲ್ಲ. ಆದರೂ ವಿವರಣೆ ಕೇಳಿದ್ದು ತಪ್ಪೆಂದು ನಾನು ಹೇಳಲಾರೆ. ಏಕಕಾಲದ ಓಟದಿಂದ ಹುಟ್ಟುವ ಬಗ್‌ಗೆ ಪ್ಯಾಚ್ ಬಂದಾಗ, ಅದು ಸರಿಯೆಂದು ಪರೀಕ್ಷೆಯಿಂದ ಸಾಬೀತುಪಡಿಸಲು ಆಗುವುದಿಲ್ಲ; ಕೋಟಿ ಸಲ ಓಡಿಸಿದರೂ ಆ ಕಿಂಡಿ ತೆರೆಯದಿರಬಹುದು. ತರ್ಕವೊಂದೇ ಸಾಕ್ಷಿ. ವಿವರಣೆ ಕೇಳಿದ ಮೇಲೆ ಅದನ್ನು ಬರೆದು ಮುಗಿಸುವ ಹೊಣೆಯನ್ನು ಯಾರೂ ಹೊರದೆ ಹೋದದ್ದು ಅಲ್ಲಿನ ವೈಫಲ್ಯ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಇಷ್ಟೊಂದು ಸೂಕ್ಷ್ಮ ಏಕೆ, ಇಡೀ ಕರ್ನೆಲ್‌ಗೆ ಒಂದೇ ದೊಡ್ಡ ಲಾಕ್ ಹಾಕಿದರೆ ಇಬ್ಬರು ಏಕಕಾಲಕ್ಕೆ ಒಳಗಿರುವ ಪ್ರಶ್ನೆಯೇ ಇರುವುದಿಲ್ಲವಲ್ಲ ಎಂದು ಕೇಳಬಹುದು. ಲಿನಕ್ಸ್ ಅದನ್ನು ಮಾಡಿ ನೋಡಿದೆ. 1996ರಲ್ಲಿ ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳಿಗೆ ಬೆಂಬಲ ಬಂದಾಗ ‘ಬಿಗ್ ಕರ್ನೆಲ್ ಲಾಕ್’ ಎಂಬ ಒಂದೇ ಲಾಕ್ ಇತ್ತು. ಅದನ್ನು ಕೊನೆಯ ಮೂಲೆಯಿಂದಲೂ ಕಿತ್ತುಹಾಕಿದ್ದು 2011ರಲ್ಲಿ. ಕಾರಣ ವೇಗ ಮಾತ್ರವಲ್ಲ. ಏನನ್ನು ಕಾಯುತ್ತಿದೆ ಎಂದು ಯಾರಿಗೂ ಗೊತ್ತಿಲ್ಲದ ಲಾಕ್ ಅದಾಗಿತ್ತು, ಹಾಗಾಗಿ ಅದನ್ನು ಒಂದೊಂದು ಕಡೆಯಿಂದ ತೆಗೆಯುವಾಗಲೂ ಅಲ್ಲಿ ಏನೇನು ಅದರ ಆಸರೆಯಲ್ಲಿ ನಿಂತಿದೆ ಎಂದು ಹೊಸದಾಗಿ ಕಂಡುಹಿಡಿಯಬೇಕಾಯಿತು. ಮೇಲಾಗಿ, ಡಿಸಿಸಿಪಿಯ ಬಗ್ ಒಂದೇ ಲಾಕ್‌ನ ಅಡಿಯಲ್ಲೂ ಆರಾಮವಾಗಿ ಬದುಕುತ್ತಿತ್ತು. ಇನ್ನು ವೇಗದ ಮಾತು. ಇಂದಿನ ಸರ್ವರ್‌ಗಳು ಸೆಕೆಂಡಿಗೆ ಲಕ್ಷಾಂತರ ಪ್ಯಾಕೆಟ್ ನೋಡುತ್ತವೆ, ಪ್ರತಿ ಪ್ಯಾಕೆಟ್ ಬಂದಾಗಲೂ ಅದು ಯಾವ ಸಾಕೆಟ್ಟಿಗೆ ಸೇರಿದ್ದೆಂದು ಹುಡುಕಬೇಕು. 2008ರಲ್ಲಿ ಕರ್ನೆಲ್ ಅಭಿವೃದ್ಧಿಕಾರ ಎರಿಕ್ ಡುಮಾಜೆ ಈ ಹುಡುಕಾಟವನ್ನು ಲಾಕ್ ಇಲ್ಲದ ಆರ್‌ಸಿಯು ವಿಧಾನಕ್ಕೆ ಬದಲಿಸಿದರು. ಓದುವವರು ಲಾಕ್ ಹಿಡಿಯುವುದಿಲ್ಲ. ತೆಗೆಯುವವರು ಮೊದಲು ಎಲ್ಲರ ದಾರಿಯಿಂದ ವಸ್ತುವನ್ನು ಬೇರ್ಪಡಿಸಿ, ಆಗಲೇ ಓದುತ್ತಿದ್ದವರೆಲ್ಲ ಹೊರಡುವವರೆಗೆ ಕಾದು, ಆಮೇಲೆ ಬಿಡುಗಡೆ ಮಾಡುತ್ತಾರೆ. ಸಾಕೆಟ್‌ಗಳ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದೇ ಮೆಮೊರಿಯನ್ನು ಕಾಯದೆ ಅದೇ ಬಗೆಯ ಇನ್ನೊಂದು ಸಾಕೆಟ್ಟಿಗೆ ಕೊಡಲು ಅವಕಾಶ ಮಾಡಿದರು. ಹಾಗಾಗಿ ಹುಡುಕುವವರು ಎಣಿಕೆ ಸೊನ್ನೆಯಲ್ಲದಿದ್ದರೆ ಮಾತ್ರ ಅದನ್ನು ಏರಿಸಿ, ನಂತರ ತಾವು ಹುಡುಕುತ್ತಿದ್ದದ್ದು ಇದೇ ಹೌದೇ ಎಂದು ಎರಡನೇ ಸಲ ನೋಡಬೇಕು.

ಇಲ್ಲಿ ಲಾಕ್‌ನ ಸ್ಥಾನವನ್ನು ಹೆಜ್ಜೆಗಳ ಕ್ರಮ ತುಂಬುತ್ತದೆ, ಕ್ರಮ ತಪ್ಪಿದರೆ ಲಾಕ್ ತಪ್ಪಿದಷ್ಟೇ ಅಪಾಯ. 2024ರ ಸಿವಿಇ-2024-36971 ಅದಕ್ಕೆ ಸಾಕ್ಷಿ. ಪ್ರತಿ ಸಾಕೆಟ್ ತನ್ನ ಪ್ಯಾಕೆಟ್‌ಗಳು ಹೋಗಬೇಕಾದ ಮಾರ್ಗವನ್ನು ನೆನಪಿಟ್ಟುಕೊಳ್ಳುತ್ತದೆ. ಮಾರ್ಗ ಕೆಟ್ಟಿತೆಂದು ಗೊತ್ತಾದಾಗ ಹಳೆಯದನ್ನು ಬಿಡುತ್ತದೆ. ಮೊದಲು ಸಾಕೆಟ್ಟಿನ ನೆನಪಿನಿಂದ ವಿಳಾಸ ಅಳಿಸಬೇಕು, ಆಮೇಲೆ ಮಾರ್ಗದ ಎಣಿಕೆ ಇಳಿಸಬೇಕು. ಹಳೆಯ ಕೋಡ್ ಈ ಕ್ರಮವನ್ನು ಪಾಲಿಸುವ ಖಾತ್ರಿ ಕೊಡುತ್ತಿರಲಿಲ್ಲ. ಎಣಿಕೆ ಇಳಿದು ಮಾರ್ಗ ಬಿಡುಗಡೆಯ ದಾರಿ ಹಿಡಿದ ಮೇಲೂ ಸಾಕೆಟ್ಟಿನಲ್ಲಿ ಅದರ ವಿಳಾಸ ಉಳಿದಿದ್ದರೆ ಬೇರೊಬ್ಬರು ಅದನ್ನು ಎತ್ತಿಕೊಳ್ಳಬಹುದಲ್ಲ. ಇದೂ ಆಂಡ್ರಾಯ್ಡ್ ಮೇಲಿನ ದಾಳಿಗಳಲ್ಲಿ ಬಳಕೆಯಾದ ಸೂಚನೆ ಇತ್ತು. ಬೀಗವೇ ಇಲ್ಲದ ಕಡೆಯೂ ಒಡೆತನದ ಪ್ರಶ್ನೆ ಬಿಡದು.

ಸಾಧನಗಳು ಇವನ್ನೆಲ್ಲ ಹಿಡಿಯುತ್ತವಲ್ಲ ಎಂಬುದು ಎರಡನೇ ಆಕ್ಷೇಪ. ಲಾಕ್‌ಗಳ ಕ್ರಮ ತಪ್ಪಿದರೆ ಎಚ್ಚರಿಸುವ ಲಾಕ್‌ಡೆಪ್ 2006ರಿಂದ ಇದೆ. ಬಿಡುಗಡೆಯಾದ ಮೆಮೊರಿ ಮುಟ್ಟಿದರೆ ಕೂಗುವ ಕೆಎಸಾನ್ 2015ರಲ್ಲಿ ಬಂತು. ಕರೆಗಳನ್ನು ಬಗೆಬಗೆಯಾಗಿ ಬೆರೆಸಿ ಹಗಲಿರುಳು ಕರ್ನೆಲ್ ಅನ್ನು ಪೀಡಿಸುವ ಸಿಜ್‌ಕಾಲರ್ ಅದರ ಬೆನ್ನಿಗೆ ನಿಂತಿತು. ಇವುಗಳ ಉಪಕಾರ ದೊಡ್ಡದು. ಇವಿಲ್ಲದಿದ್ದರೆ ಡಿಸಿಸಿಪಿಯ ತಪ್ಪು ಇನ್ನಷ್ಟು ವರ್ಷ ಕೂತಿರುತ್ತಿತ್ತು. ಆದರೆ ಇವು ತೋರಿಸುವುದು ಎಲ್ಲಿ ಎಡವಿದರು ಎಂಬುದನ್ನು. ಯಾರು ದಾರಿ ಬಿಡಬೇಕಿತ್ತು ಎಂಬುದನ್ನಲ್ಲ. ಎಎಫ್-ಆಲ್ಗ್ ಬಗ್‌ನಲ್ಲಿ ಸಾಧನ ಬೆರಳು ಮಾಡಿ ತೋರಿಸಿದ ಕುಟುಂಬವನ್ನಷ್ಟೇ ಸರಿಪಡಿಸಿ ನಿಂತಿದ್ದರೆ ಉಳಿದ ಹದಿನೈದಕ್ಕೂ ಹೆಚ್ಚು ಲೋಪಗಳು ಹಾಗೇ ಇರುತ್ತಿದ್ದವು. ಇದಕ್ಕೆ ಹೋಲಿಸಿದರೆ ಒಡೆತನವನ್ನು ಕೋಡ್‌ನಲ್ಲೇ ಬರೆಸುವ ಸಾಧನಗಳು ನನಗೆ ಹೆಚ್ಚು ಮುಖ್ಯವೆನಿಸುತ್ತವೆ. 2017ರಲ್ಲಿ ಬಂದ ಹೊಸ ಎಣಿಕೆಯ ಬಗೆ, ಸೊನ್ನೆಯಿಂದ ಮತ್ತೆ ಮೇಲೇರಿಸಲು ಹೋದರೆ ಎಚ್ಚರಿಸುತ್ತದೆ, ತುಂಬಿ ಉಕ್ಕುವ ಹಂತಕ್ಕೆ ಬಂದರೆ ಅಲ್ಲೇ ಸ್ತಬ್ಧವಾಗುತ್ತದೆ. ಆಗ ಮೆಮೊರಿ ಸೋರುತ್ತದೆ, ಆದರೆ ದಾಳಿಕೋರನ ಕೈಗೆ ಹೋಗುವುದಿಲ್ಲ. ವೇಗ ಕುಗ್ಗೀತೆಂದು ನೆಟ್‌ವರ್ಕ್ ವಿಭಾಗದಿಂದ ಆಗ ಆಕ್ಷೇಪ ಬಂದಿತ್ತು. ಆದರೂ ಸಾಕೆಟ್ಟಿನ ಎಣಿಕೆ ಅದೇ ವರ್ಷ ಹೊಸ ಬಗೆಗೆ ಬದಲಾಯಿತು. ಅದರ ತಿರುವುಮುರುವು ತೊಂದರೆಯೂ ಉಂಟು: ಯಾರೋ ಹಿಡಿದವರು ಬಿಡದೇ ಹೋದರೆ ಎಣಿಕೆ ಎಂದೂ ಸೊನ್ನೆಯಾಗುವುದಿಲ್ಲ, ಯಂತ್ರದೊಳಗಿನ ‘ಲೋ’ ಎಂಬ ನೆಟ್‌ವರ್ಕ್ ಸಾಧನದ ಬಗ್ಗೆ ‘ಲೋ ಬಿಡುಗಡೆಗಾಗಿ ಕಾಯಲಾಗುತ್ತಿದೆ, ಬಳಕೆ ಎಣಿಕೆ 1’ ಎಂಬರ್ಥದ ಸಂದೇಶವನ್ನು ಕರ್ನೆಲ್ ಕೊನೆಯಿಲ್ಲದೆ ಬರೆಯುತ್ತಾ ಹೋಗುತ್ತದೆ. ಆ ಒಂದು ಯಾರದು ಎಂದು ಅಂಕಿ ಹೇಳುವುದಿಲ್ಲ. 2022ರಲ್ಲಿ ಬಿಡುಗಡೆಯಾದ ಕರ್ನೆಲ್‌ನ 5.17ನೇ ಆವೃತ್ತಿಯಿಂದ, ಪ್ರತಿ ಹಿಡಿತವನ್ನೂ ಹಿಡಿದವರ ಗುರುತಿನೊಂದಿಗೆ ದಾಖಲಿಸುವ ಸೌಲಭ್ಯವನ್ನು ಎರಿಕ್ ಡುಮಾಜೆ ಸೇರಿಸಿದ್ದಾರೆ.

ರಸ್ಟ್ ಭಾಷೆಯಲ್ಲಿ ಬರೆದರೆ ಇವೆಲ್ಲ ತಪ್ಪುತ್ತವೆ ಎಂಬ ಮೂರನೇ ಮಾತಿನಲ್ಲಿ ಬಹಳಷ್ಟು ಸತ್ಯವಿದೆ. 2022ರ ಡಿಸೆಂಬರ್‌ನಲ್ಲಿ ಬಂದ 6.1ನೇ ಆವೃತ್ತಿಯಿಂದ ಕರ್ನೆಲ್ ಆ ಭಾಷೆಗೆ ಜಾಗ ಕೊಟ್ಟಿದೆ. ಲಾಕ್ ಹಿಡಿಯದೆ ಅದರೊಳಗಿನ ದತ್ತಾಂಶವನ್ನು ಮುಟ್ಟುವ ಸಾಲನ್ನು ರಸ್ಟ್‌ನಲ್ಲಿ ಬರೆಯಲಾಗದಂತೆ ಮಾಡಬಹುದು. ಎಎಫ್-ವಿಸಾಕ್‌ನ ಆ ನಕಲಿನ ಸಾಲನ್ನು ಕಂಪೈಲರ್ ಒಪ್ಪುತ್ತಿರಲಿಲ್ಲ. ಎಣಿಕೆ ನೋಡದೆ ಬಿಡುಗಡೆ ಮಾಡಲೂ ಅದು ಬಿಡುವುದಿಲ್ಲ. ಆದರೆ ಒಂದನ್ನೊಂದು ಹಿಡಿದು ಕೂತ ಎಎಫ್-ಯುನಿಕ್ಸ್ ಜೋಡಿ ರಸ್ಟ್‌ನಲ್ಲೂ ಹಾಗೇ ಕೂತಿರುತ್ತದೆ, ಕಸ ಗುಡಿಸುವವರು ಅಲ್ಲೂ ಬೇಕು. ಹಳೆಯ ಸಿ ಕೋಡ್‌ಗೆ ರಸ್ಟ್‌ನ ಹೊದಿಕೆ ಹೊಲಿಯುವವರು ಮೊದಲು ಕೇಳುವ ಪ್ರಶ್ನೆಯೂ ಇದೇ: ಈ ವಿಳಾಸ ಎಲ್ಲಿಯವರೆಗೆ ಸಲ್ಲುತ್ತದೆ, ಬಿಡುವ ಹೊಣೆ ಯಾರದು? ಸಿ ಕೋಡ್‌ನಲ್ಲಿ ಉತ್ತರ ಬರೆದಿಲ್ಲದಿದ್ದರೆ ರಸ್ಟ್‌ಗೆ ಅದನ್ನು ಹೇಳುವವರು ಯಾರೂ ಇರುವುದಿಲ್ಲ.

ಉತ್ತರ ಬರೆಯುವವರೇ ಇಲ್ಲದ ಕಡೆ ಏನು ಮಾಡಬೇಕು ಎಂಬುದಕ್ಕೂ ನಿದರ್ಶನ ಇದೆ. ಡಿಸಿಸಿಪಿ ಕೋಡ್ ನೋಡಿಕೊಳ್ಳುವವರಿಲ್ಲದೆ ಅನಾಥವಾಗಿದೆಯೆಂದು 2021ರಲ್ಲಿ ದಾಖಲಾಯಿತು. ಅದಕ್ಕೆ ಬರುತ್ತಿದ್ದ ಬದಲಾವಣೆಗಳು ಹೆಚ್ಚಾಗಿ ಸ್ವಯಂಚಾಲಿತ ಪರೀಕ್ಷೆಗಳು ಹಿಡಿದ ಬಗ್‌ಗಳ ತೇಪೆಗಳು. ತೆಗೆಯುತ್ತೇವೆಂದು 2023ರಲ್ಲಿ ಎಚ್ಚರಿಕೆ ಕೊಟ್ಟು, 2025ರ 6.16ನೇ ಆವೃತ್ತಿಯಲ್ಲಿ ಅದನ್ನು ಪೂರ್ತಿ ತೆಗೆದುಹಾಕಿದರು. ಎಎಫ್-ಯುನಿಕ್ಸ್ ವಿಷಯದಲ್ಲಿ ಆ ದಾರಿ ಇಲ್ಲ, ಅದಿಲ್ಲದೆ ಲಿನಕ್ಸ್ ಡೆಸ್ಕ್‌ಟಾಪೂ ನಡೆಯದು, ಆಂಡ್ರಾಯ್ಡೂ ನಡೆಯದು. ಅಲ್ಲಿ ಮಾಡಿದ್ದು ಎರಡು ಕೆಲಸ. ಐಒ-ಯುರಿಂಗ್ ಎಂಬ ಹೊಸ ವ್ಯವಸ್ಥೆಯ ಫೈಲುಗಳನ್ನು ಸಾಕೆಟ್ ಮೂಲಕ ಕಳಿಸುವ ಅವಕಾಶವನ್ನು 2023ರ ಕೊನೆಗೆ ಮುಚ್ಚಿದರು; ಆ ಫೈಲುಗಳು ತಾವೇ ಬೇರೆ ಫೈಲುಗಳನ್ನು ಹಿಡಿದಿಟ್ಟುಕೊಳ್ಳಬಲ್ಲವಾದ್ದರಿಂದ ಯಾರು ಯಾರನ್ನು ಹಿಡಿದಿದ್ದಾರೆಂಬ ಲೆಕ್ಕ ಕೈಮೀರುತ್ತಿತ್ತು. 2024ರಲ್ಲಿ ಕರ್ನೆಲ್ ಅಭಿವೃದ್ಧಿಕಾರ ಕುನಿಯುಕಿ ಇವಾಶಿಮಾ ಕಸ ಗುಡಿಸುವ ಕೋಡ್ ಅನ್ನೇ ಹೊಸದಾಗಿ ಬರೆದರು. ಎರಡು ಎಣಿಕೆಗಳನ್ನು ಹೋಲಿಸಿ ಅನುಮಾನಿಸುವುದರಿಂದ ಅದು ಹೊರಡುವುದಿಲ್ಲ. ಯಾವ ಸಾಕೆಟ್ ಯಾವುದರ ಸಾಲಿನಲ್ಲಿದೆ ಎಂಬ ಪ್ರತಿಯೊಂದು ಹಿಡಿತವೂ ಅಲ್ಲಿ ಒಂದು ನಕ್ಷೆಯ ಗೆರೆಯಾಗಿ, ಕಳಿಸಿದ ಹೊತ್ತಿಗೇ ದಾಖಲಾಗುತ್ತದೆ. ಆ ನಕ್ಷೆಯಲ್ಲಿ ಸುತ್ತುಗಟ್ಟಿದ ಗುಂಪುಗಳನ್ನು ರಾಬರ್ಟ್ ಟಾರ್ಜನ್ ರೂಪಿಸಿದ ಹೆಸರಾಂತ ಕ್ರಮವಿಧಿ ಹುಡುಕಿ ಕೊಡುತ್ತದೆ. ಹೊರಗಿನಿಂದ ಒಂದು ಹಿಡಿತವೂ ಇಲ್ಲದ ಗುಂಪನ್ನು ಮಾತ್ರ ಅದು ಕಸವೆಂದು ತೆಗೆಯುತ್ತದೆ.